ಆರೋಗ್ಯ ಮಂತ್ರಿಯಾದ ಕಮೋಡಿನ ಮುಚ್ಚಳ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ. ಯಾವ ಊರು ಅಂತ ಕೇಳಬೇಡಿ, ಅಲ್ಲಿ ನನ್ನ ನೆಂಟರಿದ್ದಾರೆ. ರಾಜನ ಹೆಸರು ಗಟ್ಟಿಮಲ್ಲರಾಯ. ಅವನಿಗೆ ಬೇಟೆಯ ಹುಚ್ಚಿರಲಿಲ್ಲ, ಯುದ್ಧದ ಹುಚ್ಚಿರಲಿಲ್ಲ. ಫ್ಲಶ್ ಮಾಡುವ ಹುಚ್ಚಿತ್ತು. ಅರಮನೆಗೆ ಹೊಸದಾಗಿ ಬಿಳಿ ಕಮೋಡು ಬಂದಿತ್ತು. ಹಿಡಿ ಒತ್ತಿದರೆ ನೀರು ಗುಡುಗಿಕೊಂಡು ಇಳಿಯುತ್ತಿತ್ತು. ರಾಜ ಕೆಲಸವಿದ್ದಾಗಲೂ ಒತ್ತುತ್ತಿದ್ದ, ಇಲ್ಲದಾಗಲೂ ಒತ್ತುತ್ತಿದ್ದ. ಪಕ್ಕದ ರಾಜ್ಯದ ದೂತರು ಬಂದರೆ ಮೊದಲು ಆ ಸದ್ದು ಕೇಳಿಸಿ, ಆಮೇಲೆ ಸಂಧಾನದ ಮಾತೆತ್ತುತ್ತಿದ್ದ.

ಒಂದು ಬೆಳಿಗ್ಗೆ ರಾಜ ಹಲ್ಲುಜ್ಜಲು ಬ್ರಷ್ಷು ತೆಗೆದುಕೊಂಡು ಬಾಯಿ ತೆರೆದ. ಬ್ರಷ್ಷು ಒಳಗೆ ಹೋಗಲಿಲ್ಲ.

"ಯಾಕೆ?" ಅಂದ ರಾಜ.

"ನಾಚಿಕೆಯಾಗ್ತದೆ ಪ್ರಭುಗಳೇ," ಅಂತು ಬ್ರಷ್ಷು. "ತಾವು ಅಲ್ಲಿ ಹಿಡಿ ಒತ್ತುತ್ತೀರಿ. ಕಣ್ಣಿಗೆ ಕಾಣದ ತುಂತುರು ಮೇಲೇಳ್ತದೆ. ಅದು ಬಂದು ನನ್ನ ತಲೆ ಮೇಲೆ ಕೂರ್ತದೆ. ಆಮೇಲೆ ತಾವು ನನ್ನನ್ನ ಬಾಯಿಗೆ ಹಾಕ್ಕೊಳ್ತೀರಿ."

"ಯಾವಾಗಿನಿಂದ?"

"ಕಮೋಡು ಬಂದಾಗಿನಿಂದ."

ತಾನು ಎಷ್ಟು ಸಲ ಒತ್ತಿದ್ದೆ ಅಂತ ರಾಜ ನೆನಪು ಮಾಡಿಕೊಳ್ಳಲು ಹೋದ. ಲೆಕ್ಕ ತಪ್ಪಿ ಬ್ರಷ್ಷನ್ನು ಕೆಳಗಿಟ್ಟ. ಮಂತ್ರಿ ಹೌದಪ್ಪಯ್ಯನನ್ನು ಕರೆಸಿದ.

"ಕಮೋಡಿಗೆ ಮುಚ್ಚಳ ಇದೆಯಲ್ಲ ಪ್ರಭು. ಮುಚ್ಚಿ ಒತ್ತಿದರಾಯಿತು," ಅಂದ ಮಂತ್ರಿ. ಅವನು ತನ್ನ ಆಯಸ್ಸಿನಲ್ಲಿ ಆಡಿದ ಒಂದೇ ಒಂದು ಸರಿಯಾದ ಮಾತು ಅದು.

ಆದರೆ ಮುಚ್ಚಳ ಒಪ್ಪಲಿಲ್ಲ. ಅದು ಬಂದ ದಿನದಿಂದ ಬೆನ್ನು ಹಿಂದಕ್ಕೆ ಒರಗಿಸಿ ಆರಾಮಾಗಿ ನಿಂತಿತ್ತು. "ಕಂಡವರ ಕೊಳಕಿಗೆ ನಾನು ಯಾಕೆ ತಲೆ ಬಗ್ಗಿಸಲಿ?" ಅಂತು. "ಬಗ್ಗಬೇಕಾದರೆ ನನಗೊಂದು ಪದವಿ ಬೇಕು. ಆರೋಗ್ಯ ಮಂತ್ರಿ ಪದವಿ."

ರಾಜ ಹೌದಪ್ಪಯ್ಯನ ಮುಖ ನೋಡಿದ. "ಆ ಜಾಗ ಖಾಲಿ ಇದೆಯೇನಯ್ಯಾ?"

"ಇರಬಹುದು ಪ್ರಭು. ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಈವರೆಗೆ ಯಾರಿಗೂ ಗೊತ್ತಾಗಿಲ್ಲ."

ಸರಿ, ಮುಚ್ಚಳಕ್ಕೆ ಹಾರ ಹಾಕಿದರು, ಶಾಲು ಹೊದಿಸಿದರು. ಅದು ಗಂಭೀರವಾಗಿ ಕೆಳಗೆ ಬಗ್ಗಿತು. ರಾಜ ಹಿಡಿ ಒತ್ತಿದ. ಸದ್ದು ಬಂತು, ತುಂತುರು ಬರಲಿಲ್ಲ. ಸಂದಿಯಲ್ಲಿ ಒಂದಿಷ್ಟು ನುಸುಳಿತು, ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಬ್ರಷ್ಷು ಸಮಾಧಾನವಾಗಿ ಬಾಯೊಳಗೆ ಹೋಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಹೇಳಲು ಕತೆಯೇ ಇರುತ್ತಿರಲಿಲ್ಲ. ರಾಜ ಹಿಗ್ಗಿ ಊರೆಲ್ಲ ಡಂಗುರ ಹೊಡೆಸಿದ: ಮುಚ್ಚಿದ್ದೆಲ್ಲ ಶುದ್ಧ.

ಮುಚ್ಚಿದ್ದೆಲ್ಲ ಶುದ್ಧವಾದ ಮೇಲೆ ತೊಳೆಯುವುದೇಕೆ? ಸೋಪನ್ನು ಕೆಲಸದಿಂದ ತೆಗೆದರು. ಫಿನಾಯಿಲನ್ನೂ ತೆಗೆದರು. ಅವೆರಡೂ ಕಣ್ಣೊರೆಸಿಕೊಂಡು ಪಕ್ಕದ ರಾಜ್ಯದ ಬಸ್ಸು ಹತ್ತಿದವು.

ರಾಣಿ ಸಿರಿಯಾಜಮ್ಮ ಗಂಡನಿಗೆ ಹೇಳಿನೋಡಿದಳು. "ರೀ, ಮುಚ್ಚಿದರೆ ಕಾಣೋದಿಲ್ಲ ಅಷ್ಟೇ. ಹೋಗೋದಿಲ್ಲ."

"ಕಾಣದೇ ಇದ್ದ ಮೇಲೆ ಇದೆ ಅಂತ ನೀನು ಹೇಗೆ ಹೇಳ್ತೀಯ?"

"ಮೂಗಿದೆಯಲ್ಲ."

ರಾಜ ಒಂದು ಕ್ಷಣ ಯೋಚಿಸಿ, ಎಲ್ಲರ ಮೂಗಿಗೂ ಮುಚ್ಚಳ ಮಾಡಿಸಿಕೊಡುವಂತೆ ಅಪ್ಪಣೆ ಮಾಡಿದ.

ಚರಂಡಿ ಉಕ್ಕಿತು. ಮುಚ್ಚಳ ಹಾಕಿದರು, ಶುದ್ಧವಾಯಿತು. ತಿಪ್ಪೆ ಬೆಳೆಯಿತು. ಮುಚ್ಚಳ ಹಾಕಿದರು, ಶುದ್ಧವಾಯಿತು. ಊರಲ್ಲಿ ವಾಂತಿಭೇದಿ ಹಬ್ಬಿತು. ಆರೋಗ್ಯ ಮಂತ್ರಿ ಆಸ್ಪತ್ರೆಯ ಬಾಗಿಲು ಮುಚ್ಚಿಸಿತು. ಮಾರನೆಯ ದಿನ ಆಸ್ಪತ್ರೆಯೊಳಗೆ ಹುಡುಕಿದರೂ ಒಬ್ಬ ರೋಗಿ ಸಿಗಲಿಲ್ಲ. ಸಂತೋಷಕ್ಕೆ ಲಾಡು ಹಂಚಿದರು. ಹಂಚಿದವರು ಕೈ ತೊಳೆದಿರಲಿಲ್ಲ.

ಕೆಂಚಮಾಳಿ ಅನ್ನುವ ಮುದುಕಿ ದೂರು ತಂದಳು. "ಸ್ವಾಮಿ, ನನ್ನ ಮೊಮ್ಮಗಳು ಎದ್ದು ನಿಲ್ಲೋ ಹಂಗಿಲ್ಲ." ಅವಳ ಬಾಯಿಗೂ ಒಂದು ಮುಚ್ಚಳ ಕೊಟ್ಟು ಕಳಿಸಿದರು. ದೂರು ಶುದ್ಧವಾಯಿತು.

ರಾಜನೂ ಲಾಡು ತಿಂದಿದ್ದ. ತುಂಬಿದ ಸಭೆಯಲ್ಲಿ ಅವನ ಹೊಟ್ಟೆ ಗುಡುಗಿತು. ಆ ಸದ್ದನ್ನು ಅವನು ಬಲ್ಲ. ಕಿರೀಟ ಹೌದಪ್ಪಯ್ಯನ ಕೈಗೆ ತುರುಕಿ ಓಡಿದ. ಹೋಗಿ ನೋಡಿದರೆ ಮುಚ್ಚಳ ಮುಚ್ಚಿತ್ತು.

"ತೆರಿ," ಅಂದ ರಾಜ.

"ಹೇಗೆ ತೆರೆಯಲಿ ಪ್ರಭುಗಳೇ? ಮುಚ್ಚಿದ್ದೆಲ್ಲ ಶುದ್ಧ. ತೆರೆದರೆ ಅಶುದ್ಧ. ನಾನು ಆರೋಗ್ಯ ಮಂತ್ರಿ."

ರಾಜ ಹಿಡಿದು ಎಳೆದ. ಮುಚ್ಚಳ ಅಲುಗಲಿಲ್ಲ. ಪದವಿ ಸಿಕ್ಕಮೇಲೆ ಅದು ಭಾರವಾಗಿತ್ತು.

"ಅರ್ಧ ರಾಜ್ಯ ಕೊಡ್ತೀನಿ," ಅಂದ, ಕಾಲು ಹೊಸೆಯುತ್ತಾ.

"ಅರ್ಧ ಮುಚ್ಚುವ ಅಭ್ಯಾಸ ನನಗಿಲ್ಲ."

"ಪೂರ್ತಿ ತಗೋ. ಸಿಂಹಾಸನವನ್ನೂ ತಗೋ. ಬೇಗ."

ಮುಚ್ಚಳ ಕಳಚಿಕೊಂಡು ಇಳಿದು, ಉರುಳುತ್ತಾ ಸಭೆಗೆ ಹೋಯಿತು. ಗಟ್ಟಿಮಲ್ಲರಾಯ ಕೂತ. ಸಿಂಹಾಸನದ ಮೇಲೆ ಅಷ್ಟು ವರ್ಷ ಕೂತರೂ ಸಿಗದ ನೆಮ್ಮದಿ ಅವನಿಗೆ ಅಲ್ಲಿ ಸಿಕ್ಕಿತು. ರಾಜ್ಯ ಹೋಯಿತಲ್ಲ ಅಂತ ಅಳು ಬರಬೇಕಿತ್ತು, ಬರಲಿಲ್ಲ. ಕಮೋಡಿನ ಒಳಗೆ ಬಗ್ಗಿ ನೋಡಿದಾಗ ಬಂತು. ಫಿನಾಯಿಲು ಹೋದಾಗಿನಿಂದ ಅದನ್ನು ಯಾರೂ ಉಜ್ಜಿರಲಿಲ್ಲ.

"ಹೆಂಡತಿ ಮಾತು ಕೇಳಬೇಕಿತ್ತು," ಅಂದ, ಹೊರಗೆ ನಿಂತಿದ್ದ ರಾಣಿಗೆ ಕೇಳಿಸುವ ಹಾಗೆ.

"ಈಗ ಕೇಳಿ," ಅಂದಳು ಸಿರಿಯಾಜಮ್ಮ. "ಪಕ್ಕದ ರಾಜ್ಯಕ್ಕೆ ಹೋಗಿ ಆ ಸೋಪಿನ ಕಾಲು ಹಿಡೀರಿ."

ಇಬ್ಬರೂ ಸಿಕ್ಕ ಬಸ್ಸು ಹತ್ತಿದರು. ಕೆಂಚಮಾಳಿಯನ್ನೂ ಮೊಮ್ಮಗಳನ್ನೂ ಜೊತೆಗೆ ಹತ್ತಿಸಿಕೊಂಡರು. ಗಡಿ ದಾಟಿದ ಮೇಲೆ ರಾಣಿ ಮುದುಕಿಯ ಬಾಯಿಯ ಮುಚ್ಚಳ ತೆಗೆದಳು. ಕೆಂಚಮಾಳಿ ಗಟ್ಟಿಮಲ್ಲರಾಯನನ್ನು ಉಳಿದ ದಾರಿಯುದ್ದಕ್ಕೂ ಬೈದಳು. ಅವನು ಕಿಟಕಿಯ ಕಡೆ ತಿರುಗದೆ ಪೂರ್ತಿ ಕೇಳಿಸಿಕೊಂಡ. ಪಕ್ಕದ ರಾಜ್ಯದ ಆಸ್ಪತ್ರೆಯ ಬಾಗಿಲು ತೆರೆದಿತ್ತು. ಮಗು ಗುಣವಾಯಿತು.

ಇತ್ತ ಸಿಂಹಾಸನದ ಮೇಲೆ ಮುಚ್ಚಳ ರಾಜ್ಯವಾಳುತ್ತಿದೆ. ಯಾರು ಬಂದು ಏನು ಹೇಳಿದರೂ ಬಾಯಿ ಬಿಡುವುದಿಲ್ಲ. ಇಷ್ಟು ಗಂಭೀರನಾದ ದೊರೆಯನ್ನು ತಾನು ಕಂಡೇ ಇಲ್ಲ ಅಂತ ಹೌದಪ್ಪಯ್ಯ ಹೇಳುತ್ತಾನೆ.

ಕತೆಯ ನೀತಿ ಇಷ್ಟೇ. ಮುಚ್ಚಳ ಮುಚ್ಚಿಯೇ ಫ್ಲಶ್ ಮಾಡಿ. ಆಮೇಲೆ ಕೈ ತೊಳೆಯಿರಿ, ಕಮೋಡನ್ನೂ ಉಜ್ಜಿ. ಮುಚ್ಚಳಕ್ಕೆ ಮಾತ್ರ ಪದವಿ ಕೊಡಬೇಡಿ.

ಅವರು ಅಲ್ಲಿ ಮುಚ್ಚಿಕೊಂಡಿದ್ದಾರೆ, ನಾವು ಇಲ್ಲಿ ತೊಳೆದುಕೊಂಡಿದ್ದೇವೆ.