ದಾರಿ ಕಡಿದವರೂ ಸೋಮಾರಿಯೂ

ವೆನೇಡಿಯಂ ಆಕ್ಸೈಡಿನ ಹರಳೊಂದರಲ್ಲಿ ಒಂದು ಎಲೆಕ್ಟ್ರಾನ್ ಇತ್ತು. ಬೆಚ್ಚಗಿದ್ದಾಗ ಅಲ್ಲಿನ ವೆನೇಡಿಯಂ ಪರಮಾಣುಗಳು ಸಮನಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಎಲೆಕ್ಟ್ರಾನ್ ಆ ಸಾಲಿನುದ್ದಕ್ಕೂ ಓಡಾಡಿಕೊಂಡಿತ್ತು. ಚಳಿ ಬಿದ್ದದ್ದೇ ತಡ, ಪರಮಾಣುಗಳು ಎರಡೆರಡಾಗಿ ಒತ್ತಿಕೊಂಡವು. ಜೋಡಿಗೂ ಜೋಡಿಗೂ ನಡುವೆ ದಾಟಲಾರದ ಅಂತರ ಬಿದ್ದು, ಎಲೆಕ್ಟ್ರಾನ್ ಒಂದು ಜೋಡಿಯಲ್ಲೇ ಸಿಕ್ಕಿಬಿತ್ತು.

ಹರಳಿಗೆ ಬೆಸೆದಿದ್ದ ತಾಮ್ರದ ತಂತಿ ಗದರಿತು: “ಏನಯ್ಯಾ ಸೋಮಾರಿ, ನನ್ನ ಎಲೆಕ್ಟ್ರಾನುಗಳು ಚಳಿಯಲ್ಲೂ ಓಡುತ್ತವೆ. ಈಗ ನನ್ನೊಳಗೆ ಬಾರದಿದ್ದರೆ ನಿನ್ನ ಹರಳನ್ನೇ ಕಿತ್ತೆಸೆಯುವಂತೆ ಮಾಡುತ್ತೇನೆ!”

“ಇವನದು ಹುಟ್ಟುಗುಣ, ಸ್ವಾಮಿ,” ಎಂದವು ಜೋಡಿ ಪರಮಾಣುಗಳು.

ಎಲೆಕ್ಟ್ರಾನಿಗೆ ಮೈಯೆಲ್ಲ ಉರಿಯಿತು. “ದಾರಿ ಕಡಿದವರು ನೀವು, ಸೋಮಾರಿ ನಾನೇ? ತಂತಿಯವರೇ, ನಿಮ್ಮ ಪರಮಾಣುಗಳು ಚಳಿಗೆ ಹೀಗೆ ಜೋಡಿ ಕಟ್ಟುತ್ತವೆಯೇ, ಹೇಳಿ!”

ಎದುರುಮಾತು ಕೇಳಿ ತಂತಿ ಸಿಟ್ಟಿನಿಂದ ಕಾದುಹೋಯಿತು. ಆ ಕಾವು ಹರಳಿಗೂ ಹಬ್ಬಿತು. ಪರಮಾಣುಗಳು ಬಿಡಿಬಿಡಿಯಾಗಿ ಮತ್ತೆ ಸಾಲಿಗೆ ಬಂದವು. ಎಲೆಕ್ಟ್ರಾನ್ ಒಂದೇ ಓಟಕ್ಕೆ ತಂತಿಯೊಳಗೆ ಬಂದು ಬಿತ್ತು.

“ನೋಡಿದೆಯಾ? ಬೈದರೆ ಬರುತ್ತೀಯ!” ಎಂದಿತು ತಂತಿ.

“ಸರಿದು ನಿಂತವರು ಅವರು, ಸ್ವಾಮಿ! ನಾನು ಆಗಲೂ ಈಗಲೂ ಇದೇ ಎಲೆಕ್ಟ್ರಾನ್. ತಿರುಗಿಯಾದರೂ ನೋಡಿ!”

ತಂತಿ ನೋಡಲಿಲ್ಲ. ಗೆದ್ದ ಸಮಾಧಾನದಲ್ಲಿ ಅದು ತಣ್ಣಗಾಯಿತು. ಹರಳಿನಲ್ಲಿ ಪರಮಾಣುಗಳು ಮತ್ತೆ ಒತ್ತಿಕೊಂಡವು, ನಡುವೆ ಇನ್ನೊಂದು ಎಲೆಕ್ಟ್ರಾನ್ ಸಿಕ್ಕಿಬಿತ್ತು.

ತಂತಿ ಗಂಟಲು ಸರಿಮಾಡಿಕೊಂಡಿತು: “ಏನಯ್ಯಾ ಸೋಮಾರಿ…”