ಮಲಗದ ಸ್ವಿಚ್ಚು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ನಿರಂಜನಯ್ಯ ಎಂಬ ಗುರುಗಳಿದ್ದರು. ಕಾವಿ ಉಡುವ ಮುಂಚೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವರು. ಮಡಿವಾಳಪ್ಪ ಅವರ ಶಿಷ್ಯ.

ಹೊಳೆ ಏರಿದರೆ ಸೈರನ್ ಕೂಗುವ ಪೆಟ್ಟಿಗೆಯೊಂದನ್ನು ಮಡಿವಾಳಪ್ಪ ದಂಡೆಯ ಮೇಲೆ ಕೂರಿಸಿದ. ಅದಕ್ಕೊಂದು ಬ್ಯಾಟರಿ, ಅಂಗೈಯಗಲದ ಸೋಲಾರ್ ಫಲಕ, ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಕನ್ವರ್ಟರ್.

ಗುರುಗಳು ಮೀಟರ್ ಹಿಡಿದು ನೋಡಿದರು. ನೀರಿನ ಮಟ್ಟ ನೋಡುವ ಸೆನ್ಸರಿಗೆ ಬೇಕಾದದ್ದು ತೀರ ಕಡಿಮೆ ಕರೆಂಟು. ಆದರೂ ಕನ್ವರ್ಟರಿನೊಳಗಿನ ಸ್ವಿಚ್ಚು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತಲೇ ಇತ್ತು.

"ಪ್ರತಿ ಸಲ ತೆರೆದು ಮುಚ್ಚಿದಾಗಲೂ ಅದು ಒಂದಿಷ್ಟು ಕರೆಂಟು ತಿನ್ನುತ್ತದೆ," ಎಂದರು. "ಕೊಡುವುದಕ್ಕಿಂತ ತಿನ್ನುವುದೇ ಹೆಚ್ಚಾಗಿದೆ. ಕೆಲಸ ಕಡಿಮೆ ಇದ್ದಾಗ ಅದನ್ನು ಮಲಗಲು ಬಿಡು. ಅಷ್ಟು ಹೊತ್ತು, ತುಸು ಕರೆಂಟು ಕೂಡಿಟ್ಟುಕೊಂಡಿರುವ ಕೆಪಾಸಿಟರ್ ನಡೆಸಿಕೊಂಡು ಹೋಗುತ್ತದೆ. ವೋಲ್ಟೇಜ್ ತುಸು ಇಳಿದಾಗ ಎದ್ದು, ನಾಲ್ಕು ಸಲ ಬಡಿದು ತುಂಬಿಸಿ, ಮತ್ತೆ ಮಲಗಲಿ."

"ಹಾಗೆ ಮಾಡಿದರೆ ವೋಲ್ಟೇಜ್ ಏರಿಳಿಯುತ್ತದಲ್ಲ, ಅಪ್ಪಾರೆ?"

"ತುಸು ಏರಿಳಿಯಲಿ."

ಮಡಿವಾಳಪ್ಪನಿಗೆ ಮನಸ್ಸು ಬರಲಿಲ್ಲ. ವೋಲ್ಟೇಜ್ ತೋರಿಸುವ ಯಂತ್ರದ ಪರದೆಯ ಮೇಲಿನ ಗೆರೆ ನೂಲು ಹಿಡಿದಂತೆ ನೇರವಾಗಿರುವುದೇ ಅವನ ಹೆಮ್ಮೆ. ನೋಡೋಣ ಎಂದು ಹೇಳಿ ಹಾಗೆಯೇ ಬಿಟ್ಟ.

ಗುರುಗಳು ಮತ್ತೆ ಹೇಳಲಿಲ್ಲ.

ಶ್ರಾವಣದಲ್ಲಿ ಐದು ದಿನ ಬಿಸಿಲೇ ಬೀಳಲಿಲ್ಲ. ಆರನೆಯ ದಿನ ಬೆಳಿಗ್ಗೆ, ಯಾರಿಗೂ ತಿಳಿಯದೆ, ಬ್ಯಾಟರಿ ಬರಿದಾಯಿತು.

ಅಂದೇ ಮಧ್ಯಾಹ್ನ ಹೊಳೆ ಏರಿತು. ಹುಲಿಗೆವ್ವ ಎಂಬ ಹೆಂಗಸು ತನ್ನ ಆಡುಗಳನ್ನು ದಂಡೆಯ ಕೆಳಗೆ ಕಟ್ಟಿ, ಪೆಟ್ಟಿಗೆ ಕೂಗುತ್ತದೆಂಬ ಧೈರ್ಯದಲ್ಲಿ ಸೊಪ್ಪು ತರಲು ಹೋಗಿದ್ದಳು. ಅದು ಕೂಗಲಿಲ್ಲ. ಹನ್ನೊಂದು ಆಡುಗಳೂ ಕಟ್ಟಿದಲ್ಲೇ ಮುಳುಗಿದವು.

ಮಡಿವಾಳಪ್ಪ ಅವಳ ಮನೆಗೆ ಹೋಗಿ ತಪ್ಪು ತನ್ನದೆಂದು ಹೇಳಿಕೊಂಡ. ಅವಳು ಬೈಯಲಿಲ್ಲ. ಕುಡಿಯಲು ನೀರು ತಂದುಕೊಟ್ಟಳು.

"ಅದು ಕೂಗತೈತಿ ಅಂತ ನಂಬಿದ್ದೆ, ತಮ್ಮಾ," ಎಂದಷ್ಟೇ ಹೇಳಿದಳು.

ಅವನು ಆ ನೀರನ್ನು ಕುಡಿಯದೆ ಕೆಳಗಿಟ್ಟ.

ಮರುದಿನ ಗುರುಗಳು ಪೆಟ್ಟಿಗೆ ತರಿಸಿ, ಬ್ಯಾಟರಿ ಚಾರ್ಜ್ ಮಾಡಿ, ಮುಚ್ಚಳ ಬಿಚ್ಚಿದರು. ಒಂದು ಸಣ್ಣ ತಂತಿಯನ್ನು ಕಿತ್ತು ಪಕ್ಕದಲ್ಲಿ ಬೆಸೆದರು. ಸ್ವಿಚ್ಚು ಮಲಗತೊಡಗಿತು. ಆಗಾಗ ಎದ್ದಿತು, ಮತ್ತೆ ಮಲಗಿತು. ಪರದೆಯ ಗೆರೆ ತುಸು ಹಲ್ಲು ಹಲ್ಲಾಯಿತು. ಸೆನ್ಸರಿಗೆ ಅದರಿಂದ ಏನೂ ಆಗಲಿಲ್ಲ.

ಮಡಿವಾಳಪ್ಪ ಮೀಟರ್ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಐದೇ ದಿನ ಬಾಳಿದ ಬ್ಯಾಟರಿ, ಬಿಸಿಲೇ ಇಲ್ಲದಿದ್ದರೂ ತಿಂಗಳು ಬಾಳುತ್ತಿತ್ತು.

ಆಮೇಲೆ ಕೇಳಿದ: "ಇದು ನಿಮಗೆ ಗೊತ್ತಿತ್ತು. ಅವತ್ತೇ ಈ ತಂತಿ ಬದಲಿಸಬಹುದಿತ್ತಲ್ಲ, ಅಪ್ಪಾರೆ?"

ಗುರುಗಳು ತಲೆ ಎತ್ತಲಿಲ್ಲ.

"ತಪ್ಪು ಮಾಡಿ ಕಲಿಯಲಿ ಎಂದು ಸುಮ್ಮನಿದ್ದೆ, ಮಡಿವಾಳಪ್ಪ. ಪಾಠ ನಿನ್ನದು, ಆಡುಗಳು ಹುಲಿಗೆವ್ವನವು. ಅಷ್ಟು ನನಗೆ ಹೊಳೆಯಲೇ ಇಲ್ಲ."