ಬೋಡಜ್ಜನ ತಣ್ಣನೆ ಕೆಸರು

ಮಕ್ಕಳೇ, ನಾಗತಿಕೆರೆ ಮೊದಲು ಅಂಗೈಯಗಲದ ಗುಂಡಿಯಾಗಿತ್ತಂತೆ. ಅದನ್ನು ನಾಲ್ಕು ಕಾಲಲ್ಲಿ ತೋಡಿ ತೋಡಿ ಅಷ್ಟು ದೊಡ್ಡ ಕೆರೆ ಮಾಡಿದವನು ತಾನೇ ಎಂದು ಆಮೆ ಬೋಡಜ್ಜ ಹೇಳುತ್ತಿದ್ದ. ಅಲ್ಲವೆನ್ನೋಣವೆಂದರೆ ಆ ಕಾಲದವರು ಒಬ್ಬರೂ ಬದುಕಿರಲಿಲ್ಲ!

ಆ ಕೆರೆದಂಡೆಯಲ್ಲಿ ಒಂದು ಪದ್ಧತಿ ಇತ್ತು. ವಾಸಿಯಾಗದ ಕಾಯಿಲೆಯವರ ಪಕ್ಕ ಎಲ್ಲರೂ ಸರದಿಯ ಮೇಲೆ ಕೂರುತ್ತಿದ್ದರು. ಯಾವುದರಿಂದ ನೋವು ತಗ್ಗಿತು, ಯಾವುದರಿಂದ ತಗ್ಗಲಿಲ್ಲ ಎಂದು ಬೆಳಿಗ್ಗೆ ಎಲ್ಲರೂ ಸೇರುವ ದಂಡೆಯ ಬಂಡೆಯ ಹತ್ತಿರ ಬಂದು ಹೇಳಬೇಕಿತ್ತು. ಬೋಡಜ್ಜನೂ ಹೇಳುತ್ತಿದ್ದ. ಆದರೆ ಗೆದ್ದದ್ದನ್ನು ಮಾತ್ರ, ಅದೂ ಒಂದಕ್ಕೆ ಹತ್ತು ಸೇರಿಸಿ.

ಮುದಿ ಜಿಂಕೆ ಸೋಮಕ್ಕ ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನವಿಲ್ಲವೆಂದು ಅವಳಿಗೂ ಗೊತ್ತಿತ್ತು. ಕೀಲುಕೀಲೂ ನೋವು.

"ಕೆರೆಯ ತಳದ ಕೆಸರು ಮೆತ್ತಿ," ಎಂದ ಬೋಡಜ್ಜ. "ನೂರಾರು ಜನಕ್ಕೆ ಮೆತ್ತಿದ್ದೀನಿ. ಎಲ್ಲರೂ ನಗುನಗುತ್ತಾ ಹೋದರು!"

ಎಲ್ಲರೂ ನಂಬಿ ಮೆತ್ತಿದರು. ಸ್ವಲ್ಪ ಹೊತ್ತಿಗೇ ಸೋಮಕ್ಕ ಗಡಗಡ ನಡುಗತೊಡಗಿದಳು. ಈ ನಡುಕ ಬೋಡಜ್ಜ ಹಿಂದೊಮ್ಮೆ ಕಂಡದ್ದೇ.

"ಹಂಗೇ ಇರಲಿ, ನೋವು ಹೊರಗೆ ಬರ್ತಾ ಇದೆ," ಎಂದು ಸಂಭಾಳಿಸಿದ.

ಬೆಳ್ಳಕ್ಕಿ ಕೆಂಪಿ ಬಗ್ಗಿ, "ಸೋಮಕ್ಕಾ, ನಿಮಗೇನು ಬೇಕು?" ಎಂದಳು.

"ಯಾರೂ ಕೇಳಲೇ ಇಲ್ಲವಲ್ಲೇ! ಮೊದಲು ಈ ಕೆಸರು ತೆಗೀರಮ್ಮ. ಚಳಿಗೆ ಜೀವ ಹೋಗ್ತಿದೆ. ಬಿಸಿಲಿಗೆ ಕಾದ ಮರಳಿದ್ದರೆ ಸಾಕು. ನಿಮ್ಮ ಹರಟೆ ಕೇಳುವಷ್ಟು ಹತ್ತಿರ ಮಲಗಿಸಿ."

ಕೆಸರು ತೊಳೆದರು, ಬೆಚ್ಚನೆ ಮರಳಿನ ಮೇಲೆ ಮಲಗಿಸಿದರು. ನಡುಕ ನಿಂತಿತು. "ಹಾಂ, ಈಗ ಹಾಯಾಯ್ತು. ಹರಟೆ ಶುರು ಮಾಡಿ," ಎಂದು ಸೋಮಕ್ಕ ಕಾಲು ಚಾಚಿದಳು.

ಮರುದಿನ ಬೆಳಿಗ್ಗೆ ಬಂಡೆಯ ಹತ್ತಿರ ಬೋಡಜ್ಜ, "ಮರಳು ಕೂಡ ನನ್ನದೇ ಉಪಾಯ..." ಎಂದು ಶುರುಮಾಡಿದ.

"ತಾಳಿ ಅಜ್ಜ," ಎಂದಳು ನೀರುನಾಯಿ ಚಿನ್ನವ್ವ. "ಹೋದ ವರ್ಷ ನಮ್ಮೆಜಮಾನರೂ ನಿಮ್ಮ ಕೆಸರಿಗೆ ಹೀಗೇ ನಡುಗಿದ್ದರು. ಆ ದುಃಖದಲ್ಲಿ ನನಗೆ ಇಲ್ಲಿಗೆ ಬರಲಾಗಲಿಲ್ಲ. ನೀವು ಹೇಳಿರ್ತೀರಿ ಅಂದುಕೊಂಡೆ. ಹೇಳಿದ್ದಿದ್ದರೆ ಸೋಮಕ್ಕ ನಡುಗಬೇಕಿತ್ತೇ?"

ಎಲ್ಲರೂ ಬೋಡಜ್ಜನತ್ತ ತಿರುಗಿದರು. ಅವನು ಚಿಪ್ಪನ್ನು ಒಮ್ಮೆ ಮೇಲೆತ್ತಿ ಇಳಿಸಿದ.

"ಯಾರಾದರೂ ಕೇಳಿದ್ದರೆ ಹೇಳ್ತಿದ್ದೆನಪ್ಪಾ!"

ನೀತಿ: ನೋಯುವವರನ್ನು ಮೊದಲು ಕೇಳಬೇಕು, ಕೈಕೊಟ್ಟ ಮದ್ದನ್ನೂ ಜೊತೆಯವರಿಗೆ ಮುಚ್ಚಿಡದೆ ಹೇಳಬೇಕು.